ಹಾಲುಹಲ್ಲಿಗೆ ಕಟ್ಟಿದ ದಾರ

ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವುದಕ್ಕೆ ಎರಡು ವರ್ಷ ಮುಂಚಿನ ನಾಗರಪಂಚಮಿ ಅದು. ನನಗೆ ಆಗ ಹನ್ನೆರಡು ವರ್ಷ, ನನ್ನ ತಮ್ಮ ಮಲ್ಲುವಿಗೆ ನಾಲ್ಕೂವರೆ. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ ಮಾತ್ರ, ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಆದರೆ ಆ ದಿನ ನಾನು ಮಾಡಿದ ತಪ್ಪನ್ನು ತಿದ್ದುವವರು ಯಾರೂ ಇಲ್ಲ.

ನಮ್ಮದು ಬನಹಟ್ಟಿಯಲ್ಲಿ ನೇಕಾರರ ಮನೆ. ಪಡಸಾಲೆಯಲ್ಲೇ ತಗ್ಗು ತೋಡಿ ಕೂಡಿಸಿದ ಮಗ್ಗ. ಅಪ್ಪ ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ದಿನವಿಡೀ ಸೀರೆ ನೇಯುತ್ತಿದ್ದ. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆಗೆ ನಾವು ಕಂಡಿಕಿ ಅನ್ನುತ್ತೇವೆ. ಒಂದು ಕಂಡಿಕಿ ತೀರಿದೊಡನೆ ಇನ್ನೊಂದು ತಯಾರಿರಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ, ಅಪ್ಪನ ಬೈಗುಳ ಶುರುವಾಗುತ್ತದೆ. ರಾಟೆ ತಿರುಗಿಸಿ ಕಂಡಿಕಿ ಸುತ್ತುವುದು ನನ್ನ ಕೆಲಸ. ಮಲ್ಲುವನ್ನು ನೋಡಿಕೊಳ್ಳುವುದೂ ನನ್ನ ಕೆಲಸ. ಅವ್ವ ಹೊರಗೆ ಓಣಿಯಲ್ಲಿ ಹಾಸಿನ ಉದ್ದ ನೂಲು ಹರವಿ ಗಂಜಿ ಹಚ್ಚುತ್ತಿದ್ದಳು.

ಎರಡೂ ಕೆಲಸ ಒಟ್ಟಿಗೆ ಆಗುತ್ತಿರಲಿಲ್ಲ. ಹುಡುಗ ಅತ್ತರೆ ರಾಟೆ ನಿಲ್ಲುತ್ತಿತ್ತು, ರಾಟೆ ನಿಂತರೆ ಅಪ್ಪ ಕೂಗುತ್ತಿದ್ದ. ಅದಕ್ಕೆ ನಾನೇ ಒಂದು ಉಪಾಯ ಹುಡುಕಿದ್ದೆ. ಹಳೆಯ ಸೀರೆಯ ತುಂಡಿನಲ್ಲಿ ಬೆಲ್ಲದ ಹರಳು ಕಟ್ಟಿ ಅವನ ಬಾಯಿಗೆ ಇಡುತ್ತಿದ್ದೆ. ಚೀಪುತ್ತ ಸುಮ್ಮನಿರುತ್ತಿದ್ದ, ಚೀಪುತ್ತಲೇ ನಿದ್ದೆ ಹೋಗುತ್ತಿದ್ದ. ಒಂದು ವರ್ಷದವನಿದ್ದಾಗ ಶುರುವಾದದ್ದು ಅವನಿಗೆ ಮೂರು ತುಂಬಿದರೂ ನಿಲ್ಲಲಿಲ್ಲ. ಅವನ ಮುಂದಿನ ಹಲ್ಲು ಕಂದಿದವು, ಆಮೇಲೆ ಕಪ್ಪಾದವು, ಆಮೇಲೆ ಮೊಂಡಾದವು. ಅವ್ವ ನೋಡಿ, "ಹಾಲಹಲ್ಲು ಏನಬೇ, ಹೆಂಗೂ ಬೀಳೂವು" ಅಂದಳು. ಬೆಲ್ಲದ ಗಂಟಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳು ಒಳಗೆ ಬರುವ ಸಪ್ಪಳ ಕೇಳಿದರೆ ನಾನು ಅದನ್ನು ಅವನ ಬಾಯಿಂದ ಕಿತ್ತು ರಾಟೆಯ ಕೆಳಗೆ ತುರುಕುತ್ತಿದ್ದೆ.

ಆ ವರ್ಷ ಪಂಚಮಿಯ ಹೊತ್ತಿಗೆ ಅವ್ವನಿಗೆ ದಿನ ತುಂಬಿದ್ದವು. ಹಬ್ಬದ ದಿನ ಮಗ್ಗ ಬಂದ್. ಅಪ್ಪ ಗೆಳೆಯರೊಡನೆ ಹೊಳೆಯ ಕಡೆ ಹೋಗಿದ್ದ, ಅವ್ವ ಹಿತ್ತಲ ಬದಿಯ ಕೋಣೆಯಲ್ಲಿ ಮಲಗಿದ್ದಳು. ನಮ್ಮ ಓಣಿಯ ಬೇವಿನ ಗಿಡಕ್ಕೆ ದೊಡ್ಡ ಜೋಕಾಲಿ ಕಟ್ಟಿದ್ದರು. ವರ್ಷವಿಡೀ ರಾಟೆಯ ಮುಂದೆ ಕೂಡುವ ನನಗೆ ಆ ಜೋಕಾಲಿಯದೇ ಕನಸು. ಹೊಸ ಪರಕಾರ ಉಟ್ಟು ಹೊಸ್ತಿಲು ದಾಟಬೇಕು ಅನ್ನುವಷ್ಟರಲ್ಲಿ ಮಲ್ಲು ಶೇಂಗಾ ಉಂಡಿ ಕಡಿದು ಕಿರುಚಿದ. ಎಡಗಡೆಯ ದವಡೆ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ.

ಲವಂಗ ಇಟ್ಟೆ. ಉಪ್ಪುನೀರು ಮುಕ್ಕಳಿಸಲು ಹೇಳಿದೆ, ನುಂಗಿಬಿಟ್ಟ. ಎತ್ತಿಕೊಂಡೆ, ಇಳಿಸಿದೆ, ಮತ್ತೆ ಎತ್ತಿಕೊಂಡೆ. ಅಳು ನಿಲ್ಲಲಿಲ್ಲ. ಹೊರಗಿನಿಂದ ಗೆಳತಿಯರು ಕೂಗಿದರು.

"ಶಾಂತಾ, ಬರತೀಯೋ ಇಲ್ಲೋ? ನಿನ್ನ ಸರದಿ ಹೋಗತೈತಿ ನೋಡು!"

"ಬಂದೆ, ಬಂದೆ!"

"ಆಕಿ ಎಲ್ಲಿ ಬರತಾಳ? ಲಗ್ನಕ್ಕ ಮೊದಲ ಮಗನ್ನ ಹಡದ ಕುಂತಾಳ!" ಅಂದಳು ಒಬ್ಬಳು. ಎಲ್ಲರೂ ನಕ್ಕರು.

ಆ ನಗು ನನ್ನ ಮೈಗೆ ಹತ್ತಿತು. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೊಸ್ತಿಲಿಗೆ ಹೋಗುವುದು, ಒಳಗೆ ಬರುವುದು. ಆಗ ನನ್ನ ಕಣ್ಣಿಗೆ ಸುಮ್ಮನೆ ನಿಂತಿದ್ದ ಮಗ್ಗ ಬಿತ್ತು.

ನಮ್ಮ ಓಣಿಯಲ್ಲಿ ಮಕ್ಕಳ ಅಲ್ಲಾಡುವ ಹಲ್ಲು ತೆಗೆಯುವುದು ಹೀಗೆ: ಹಲ್ಲಿಗೆ ರೇಷ್ಮೆ ದಾರದ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಮಗ್ಗದ ತೂಗುಹಲಗೆಗೆ ಕಟ್ಟುತ್ತಾರೆ. ನೇಯುವಾಗ ಹಿಂದೆ ಮುಂದೆ ಆಡಿಸಿ ನೂಲನ್ನು ಬಡಿಯುವ ಹಲಗೆ ಅದು. ಹಲಗೆಯನ್ನು ಒಮ್ಮೆ ಆಚೆ ದೂಡಿದರೆ ಹಲ್ಲು ಕೈಗೆ ಬರುತ್ತದೆ. ನನ್ನ ಹಲ್ಲನ್ನೂ ಅಪ್ಪ ಹಾಗೇ ತೆಗೆದಿದ್ದ. ನೋವೇ ಆಗಿರಲಿಲ್ಲ. ಆದರೆ ಅವೆಲ್ಲ ತಾವಾಗಿ ಬೀಳಲು ತಯಾರಾದ ಹಲ್ಲು. ಮಲ್ಲುವಿನದು ಬೇರೂರಿದ ದವಡೆಹಲ್ಲು, ಹುಳುಕಾಗಿತ್ತು ಅಷ್ಟೇ. ಆ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಖರೆ ಹೇಳಬೇಕೆಂದರೆ, ತಿಳಿದುಕೊಳ್ಳುವ ವ್ಯವಧಾನವೇ ಇರಲಿಲ್ಲ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಅದರ ದಡಿಯಂಚಿನ ಕೆಂಪು ರೇಷ್ಮೆಯ ಉಳಿದ ಎಳೆ ಪಕ್ಕದಲ್ಲಿ ತೂಗುತ್ತಿತ್ತು. ಹರಿದುಕೊಂಡೆ. ಎರಡೆಳೆ ಸೇರಿಸಿ ಹೊಸೆದೆ.

"ಬಾ ಇಲ್ಲೆ. ದಾರ ಕಟ್ಟಿ ಮಂತ್ರ ಹಾಕತೇನಿ. ನೋವು ಇಳೀತೈತಿ" ಅಂದೆ.

ಅವನು ಅಳು ನಿಲ್ಲಿಸಿ ನನ್ನನ್ನು ನೋಡಿದ. "ಎಳಿಯೂದಿಲ್ಲ ಹೌದಿಲ್ಲೋ?"

"ಇಲ್ಲೋ."

"ಖರೇನ ಎಳಿಯೂದಿಲ್ಲ?"

"ನಿನ್ನ ಆಣಿ, ಎಳಿಯೂದಿಲ್ಲ."

ಬಾಯಿ ತೆರೆದ. ಎಷ್ಟು ದೊಡ್ಡದಾಗಿ ತೆರೆದ ಅಂದರೆ, ಕಿರುನಾಲಿಗೆ ಕೂಡ ಕಂಡಿತು. ಕುಣಿಕೆ ಬಿಗಿದೆ. ಇನ್ನೊಂದು ತುದಿ ಹಲಗೆಗೆ ಕಟ್ಟಿದೆ. ಅವನು ತಗ್ಗಿನ ಅಂಚಿಗೆ ಕುಳಿತು, ಮಂತ್ರ ಬರುತ್ತದೆಂದು ಕಣ್ಣು ಮುಚ್ಚಿದ. ನಾನು ಹಲಗೆ ದೂಡಿದೆ.

ಹಲ್ಲು ಬರಲಿಲ್ಲ. ಚಟ್ ಅಂದು ಮುರಿಯಿತು. ದಾರವೂ ಹರಿಯಿತು. ಮಲ್ಲು ಕೂಗಲಿಲ್ಲ, ಅದೇ ನನ್ನನ್ನು ಹೆದರಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ, ಬೆರಳ ಸಂದಿಯಿಂದ ರಕ್ತ ಇಳಿಯಿತು. ಮುಚ್ಚಿದ ಕೈಯ ಮೇಲಿಂದ ನನ್ನನ್ನೇ ನೋಡುತ್ತಿದ್ದ.

ಹಲ್ಲಿನ ಚೂರು ತಗ್ಗಿನಲ್ಲಿ ಸಿಕ್ಕಿತು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಇಟ್ಟು ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಛಲೋ ಬರುತ್ತದೆ ಅನ್ನುವ ರೂಢಿ. ನಾನು ಸಗಣಿಯನ್ನೂ ಹುಡುಕಲಿಲ್ಲ, ಯಾರಿಗೂ ಕಾಣಬಾರದೆಂದು ಹಾಗೇ ಎಸೆದುಬಿಟ್ಟೆ. ಅವನ ಮುಖ ತೊಳೆದೆ. ಅವ್ವ ಎದ್ದು ಬಂದು, "ಏನಾತಬೇ ಇದು?" ಅಂದಾಗ ಬಾಯಿಗೆ ಬಂದದ್ದು ಹೇಳಿದೆ. "ಜೋಕಾಲಿಯಿಂದ ಬಿದ್ದ."

ಮಲ್ಲು ಅಲ್ಲೇ ನಿಂತಿದ್ದ. ಅಲ್ಲ ಅನ್ನಲಿಲ್ಲ. ಅವನು ಬಾಯಿಯನ್ನೇ ತೆರೆಯಲಿಲ್ಲ.

ಆ ದಿನ ನಾನು ಜೋಕಾಲಿ ಆಡಲಿಲ್ಲ. ಅದನ್ನು ಯಾರಾದರೂ ಶಿಕ್ಷೆ ಅನ್ನುವುದಾದರೆ ಅದು ಶಿಕ್ಷೆಯೇ ಅಲ್ಲ. ಶಿಕ್ಷೆ ಮರುದಿನ ಶುರುವಾಯಿತು.

ಕೆನ್ನೆ ಬಾತಿತು. ಅಪ್ಪ ಓಣಿಯ ವೈದ್ಯಜ್ಜನನ್ನು ಕರೆಸಿದ. ಬಿದ್ದ ಪೆಟ್ಟೆಂದು ಹೇಳಿದ್ದರಿಂದ ವೈದ್ಯಜ್ಜ ಬಿದ್ದ ಪೆಟ್ಟಿಗೇ ಔಷಧ ಕೊಟ್ಟ, ಹೊರಗಿನಿಂದ ಅರಿಷಿಣ ಸುಣ್ಣದ ಲೇಪ, ಬಿಸಿ ಶಾಖ. ಬಾಯೊಳಗೆ ನೋಡಬೇಕೆಂದರೆ ಹುಡುಗ ಹಲ್ಲು ಕಚ್ಚಿ ಹಿಡಿಯುತ್ತಿದ್ದ. "ಅಂಜ್ಯಾನ, ಬಿಡ್ರಿ" ಅಂದ ಅಜ್ಜ. ಮೂರನೆಯ ದಿನ ಜ್ವರ ಬಂತು. ನಾಲ್ಕನೆಯ ದಿನ ಗಂಜಿಯೂ ಒಳಗೆ ಹೋಗಲಿಲ್ಲ. ಎಡಗಣ್ಣು ಬಾವಿನಲ್ಲಿ ಮುಚ್ಚಿಹೋಯಿತು. ನಾನು ನೀರು ಹಿಡಿದು ಹತ್ತಿರ ಹೋದರೆ ಗೋಡೆಯ ಕಡೆ ತಿರುಗುತ್ತಿದ್ದ. ಅವ್ವ ಹಿಡಿದರೆ ತುಟಿಯ ಸಂದಿಯಿಂದ ಎರಡು ಗುಟುಕು ಹೀರುತ್ತಿದ್ದ.

ನಿನ್ನ ಆಣಿ ಅಂದಿದ್ದೆನಲ್ಲ, ಆ ಮಾತು ನನ್ನ ತಲೆಯೊಳಗೆ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ಆಣೆ ಹಾಕಿ ಮುರಿದರೆ ಯಾರ ಮೇಲೆ ಆಣೆಯೋ ಅವರು ಸಾಯುತ್ತಾರೆಂದು ನಾವು ಮಕ್ಕಳು ನಂಬಿದ್ದೆವು. ಕಂಡಿಕಿ ಸುತ್ತುವಾಗ ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. "ನಿನ್ನ ಕೈಗೇನ ಬಂದೈತಬೇ?" ಎಂದು ಅಪ್ಪ ಕೇಳಿದ. ಹೇಳಿಬಿಡಬೇಕೆಂದು ಎದ್ದೆ. ನೀರು ಕುಡಿದು ಬಂದು ಮತ್ತೆ ಕುಳಿತೆ. ಹೀಗೆ ದಿನಕ್ಕೆ ಎಷ್ಟು ಸಲ ಎದ್ದೆನೋ ಲೆಕ್ಕವಿಲ್ಲ.

ಆರನೆಯ ದಿನ ಬೆಳಿಗ್ಗೆ ಅಪ್ಪ ಪಕ್ಕದ ಮನೆಯವರ ಎತ್ತಿನ ಚಕ್ಕಡಿ ಕೇಳಿ ತಂದು, ಜಮಖಂಡಿಯ ದವಾಖಾನೆಗೆ ಹೊರಟ. ಅವ್ವ ಚಕ್ಕಡಿಯಲ್ಲಿ ಕೂಡುವ ಹಾಗಿರಲಿಲ್ಲ. ಹುಡುಗನನ್ನು ಹಿಡಿದುಕೊಳ್ಳಲು ನನ್ನನ್ನು ಹತ್ತಿಸಿದರು. ದಾರಿಯುದ್ದಕ್ಕೂ ಅವನು ಜ್ವರದ ನಿದ್ದೆಯಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದ. ಎಚ್ಚರವಾದಾಗಲೊಮ್ಮೆ ನನ್ನ ಮುಖ ನೋಡಿ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ದವಾಖಾನೆಯ ಡಾಕ್ಟರರು ಧಾರವಾಡದ ಕಡೆಯವರು, ನಡುವಯಸ್ಸಿನವರು. ಅಪ್ಪ ನಮಸ್ಕಾರ ಮಾಡಿದವನೇ, "ಜೋಕಾಲಿಯಿಂದ ಬಿದ್ದಾನ್ರಿ. ಬಾಯಿ ತೆರಿಯವಲ್ಲ. ನಾ ಕೈಕಾಲು ಹಿಡಿತೇನ್ರಿ, ಈಕಿ ತಲಿ ಹಿಡಿತಾಳ. ನೀವು ಏನ ಮಾಡೂದೈತಿ ಮಾಡಿಬಿಡ್ರಿ" ಅಂದ.

"ಹಿಡಿಯೂದು ಬ್ಯಾಡ" ಅಂದರು ಡಾಕ್ಟರು. "ಇವತ್ತ ನೀವು ಹಿಡಿತೀರಿ, ನಾನು ಮಾಡತೇನಿ. ನಾಳಿ ಇನ್ನೊಂದು ಹಲ್ಲು ನೋವಾದರ ಇಂವ ನಿಮಗ ಹೇಳೂದಿಲ್ಲ. ಮುಚ್ಚಿಟ್ಟುಕೊಂಡು ಸಾಯತಾನ."

ಅವರು ಖುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು. ಕೋಲಿನ ತುದಿಗೆ ಕೂಡಿಸಿದ ಸಣ್ಣ ಕನ್ನಡಿಯೊಂದನ್ನು ಮಲ್ಲುವಿನ ಕೈಗೆ ಕೊಟ್ಟು ತಮ್ಮ ಬಾಯಿ ತೆರೆದರು. "ನನ್ನ ಹಲ್ಲು ಎಣಿಸು ನೋಡೋಣ. ಒಂದು ಇಲ್ಲ, ಎಲ್ಲಿ ಹೋಗೇತಿ ಹುಡುಕು."

ಮಲ್ಲು ಕನ್ನಡಿ ಹಿಡಿದು ನೋಡಿದ. ಬೆರಳಿನಿಂದ ಒಂದು ಖಾಲಿ ಜಾಗ ಮುಟ್ಟಿ ತೋರಿಸಿದ.

"ಶಾಣ್ಯಾ ಇದ್ದೀ! ನೀ ಎಲ್ಲಿ ಡಾಕ್ಟರಕಿ ಕಲತಿ?" ಅಂದರು. ಆರು ದಿನಗಳಲ್ಲಿ ಮೊದಲ ಸಲ ಅವನ ಒಂದು ಕಣ್ಣು ನಕ್ಕಿತು. ಡಾಕ್ಟರು ನನ್ನನ್ನು ಕರೆದು ಕೂಡಿಸಿ ನನ್ನ ಬಾಯಿಯೊಳಗೂ ಕನ್ನಡಿ ಆಡಿಸಿ, ಅದನ್ನು ಮಲ್ಲುವಿನ ಕೈಗೆ ಮರಳಿ ಕೊಟ್ಟರು. "ನೋಡು, ನಿಮ್ಮಕ್ಕಗ ಏನಾತು? ಏನೂ ಆಗಲಿಲ್ಲ. ಈಗ ನಿನ್ನ ಸರದಿ."

ಮಲ್ಲು ಡಾಕ್ಟರರ ಕೈ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಊದಿದ ಬಾಯಿಂದ ಮೆಲ್ಲಗೆ ಕೇಳಿದ, "ಅಕ್ಕಾ, ಇವರ ಹಂತ್ಯಾಕ ದಾರ ಐತೇನು?"

ಡಾಕ್ಟರು ನನ್ನನ್ನು ನೋಡಿದರು. "ಯಾವ ದಾರ?"

ಅಪ್ಪನೂ ನೋಡಿದ. ಹೇಳಲು ಅದಕ್ಕಿಂತ ಛಲೋ ಹೊತ್ತು ನನಗೆ ಸಿಗುತ್ತಿರಲಿಲ್ಲ. ಹುಡುಗ ತಾನಾಗಿ ಕೇಳಿದ್ದ, ನನ್ನನ್ನೇ ಕೇಳಿದ್ದ. ಅಷ್ಟೆಲ್ಲ ಆದ ಮೇಲೂ ನನ್ನನ್ನೇ ಕೇಳಿದ್ದ.

"ಗೊತ್ತಿಲ್ರಿ" ಅಂದೆ.

ಮಲ್ಲು ನನ್ನ ಕಡೆಯಿಂದ ಮುಖ ತಿರುಗಿಸಿದ. ಕನ್ನಡಿ ನೆಲಕ್ಕಿಟ್ಟು ಬಾಯಿ ಮುಚ್ಚಿಕೊಂಡ. ಡಾಕ್ಟರರು ಮಾಡಿದ್ದೆಲ್ಲ ಹೋಯಿತು. ಅವರು ಸಿಟ್ಟಾಗಲಿಲ್ಲ. ನನಗೆ ಬಾಗಿಲ ಹತ್ತಿರ ನಿಲ್ಲಲು ಹೇಳಿದರು. ತಮ್ಮ ಎರಡೂ ಅಂಗೈ ತಿರುವಿ ಮುರುವಿ ಮಲ್ಲುವಿಗೆ ತೋರಿಸಿದರು. ಕೋಟಿನ ಜೇಬುಗಳನ್ನು ಅಗಲಿಸಿ, "ನೀನ ಕೈ ಹಾಕಿ ನೋಡು. ದಾರ ಐತೇನು?" ಅಂದರು. ಅವನು ಒಂದೊಂದೇ ಜೇಬು ತಡಕಿದ. ಇಲ್ಲವೆಂದು ತಲೆಯಾಡಿಸಿದ.

"ದಾರ ಇಲ್ಲ. ಆದರ ಈ ಚಿಮಟ ಐತಿ, ನೋಡು. ಇದು ನಿನ್ನ ಬಾಯಾಗ ಹೋಗತೈತಿ. ನೋವ ಆಗತೈತಿ. ಆಗೂದಿಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ. ನಾ ಐದು ಎಣಿಸೂತನಕ. ತಡಕೊಳ್ಳಾಕ ಆಗದಿದ್ದರ ಕೈ ಎತ್ತು, ಅಲ್ಲೇ ಬಿಡತೇನಿ."

ಹತ್ತಿಯಲ್ಲಿ ಔಷಧ ಅದ್ದಿ ಒಸಡಿಗೆ ಹಚ್ಚಿದರು. ಚಿಮಟ ಒಳಗೆ ಹೋಯಿತು. "ಒಂದು, ಎರಡು" ಅನ್ನುವಷ್ಟರಲ್ಲಿ ಮಲ್ಲು ಕೈ ಎತ್ತಿದ. ಡಾಕ್ಟರು ಹೇಳಿದ ಹಾಗೆ ಚಿಮಟ ಹೊರಗೆ ತೆಗೆದುಬಿಟ್ಟರು. ಎರಡನೆಯ ಸಲ ಚಿಮಟ ತುಟಿಗೆ ತಾಗುವ ಮೊದಲೇ ಕೈ ಎತ್ತಿದ. ಆಗಲೂ ತೆಗೆದರು.

"ಸಾಹೇಬ್ರ, ಚಾಷ್ಟಿ ಮಾಡಾಕತ್ತಾನ್ರಿ ಅಂವ" ಅಂದ ಅಪ್ಪ.

"ಚಾಷ್ಟಿ ಅಲ್ರಿ. ನನ್ನ ಮಾತು ಖರೇ ಏನು ಅಂತ ಪರೀಕ್ಷಾ ಮಾಡಾಕತ್ತಾನ."

ಮೂರನೆಯ ಸಲ ಮಲ್ಲು ತಾನಾಗಿ ಬಾಯಿ ತೆರೆದ. ಕಣ್ಣಿನಿಂದ ನೀರು ಹರಿಯುತ್ತಿತ್ತು, ಕೈ ಮಾತ್ರ ಎತ್ತಲಿಲ್ಲ. ಐದು ಆಯಿತು. ಹಳದಿ ಕೀವು ಬಂತು. ಆಮೇಲೆ ಡಾಕ್ಟರು ಏನೋ ಕಂಡು ಹುಬ್ಬು ಗಂಟಿಕ್ಕಿದರು. ಇನ್ನೂ ಐದು ಎಣಿಸಲು ಅವನ ಅಪ್ಪಣೆ ಕೇಳಿದರು. ಅವನು ತಲೆಯಾಡಿಸಿದ. ಮುರಿದ ಹಲ್ಲಿನ ಬುಡ ಬಂತು, ಅದಕ್ಕೆ ಸುತ್ತಿಕೊಂಡು ಒಸಡಿನೊಳಗೆ ಹುದುಗಿದ್ದ ಒಂದು ತುಂಡು ದಾರವೂ ಬಂತು.

"ಇದೇನ್ರಿ ಇದು?" ಎಂದು ಅದನ್ನು ಹತ್ತಿಯ ಮೇಲಿಟ್ಟು ಅಪ್ಪನಿಗೆ ಕೊಟ್ಟರು.

ಅಪ್ಪ ನೀರಿನಲ್ಲಿ ತೊಳೆದ. ಎರಡು ಬೆರಳ ನಡುವೆ ಹೊಸೆದ. ನೇಕಾರನಿಗೆ ತನ್ನ ಮಗ್ಗದ ನೂಲನ್ನು ಗುರುತು ಹಿಡಿಯಲು ಕಣ್ಣು ಬೇಕಾಗಿಲ್ಲ. "ಇದು ನನ್ನ ಸೀರಿ ದಡಿ ರೇಷ್ಮಿರಿ" ಅಂದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ.

"ನಾನ ಕಟ್ಟಿದ್ದೆ" ಅಂದೆ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಡಾಕ್ಟರು ಮಾತು ಬೇರೆ ಕಡೆ ತಿರುಗಿಸಿದರು. ಮಲ್ಲುವಿನ ಮುಂದಿನ ಹಲ್ಲು ತೋರಿಸಿ, "ಇವು ಹಿಂಗ ಯಾಕಾದವು? ಸಿಹಿ ಬಾಯಾಗಿಟ್ಟು ಮಲಗಸ್ತೀರೇನು?" ಎಂದು ಕೇಳಿದರು. ಅಪ್ಪ ಇಲ್ಲವೆಂದ, ಅವನಿಗೇನು ಗೊತ್ತು? "ಹಾಲಹಲ್ಲು ಬೀಳೂವೇ ಅಂತ ಬಿಡಬ್ಯಾಡ್ರಿ. ಮುಂದ ಬರೂ ಹಲ್ಲು ಇವುಗಳ ಕೆಳಗೇ ಇರತಾವ. ಉಂಡ ಮ್ಯಾಲ ಬಾಯಿ ಮುಕ್ಕಳಿಸಬೇಕು, ಮಲಗೂ ಮುಂದ ತೋಯಿಸಿದ ಅರಿವಿಲೆ ಹಲ್ಲು ಒರಸ್ರಿ" ಅಂದರು. ನಾನು ಬೆಲ್ಲದ ಗಂಟಿನ ಮಾತು ಆಡಲಿಲ್ಲ. ಒಂದು ದಿನಕ್ಕೆ ಒಂದು ತಪ್ಪು ಒಪ್ಪಿಕೊಳ್ಳುವಷ್ಟೇ ಶಕ್ತಿ ನನಗಿತ್ತು, ಅದೂ ಸಿಕ್ಕಿಬಿದ್ದ ಮೇಲೆ.

ಮರಳಿ ಬರುವಾಗ ಮಲ್ಲು ಚಕ್ಕಡಿಯ ಮುಂಭಾಗದಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತ. ಊರು ಹತ್ತಿರ ಬಂದಾಗ ಅಪ್ಪ ಹಿಂದೆ ತಿರುಗದೆಯೇ, "ನಿಮ್ಮವ್ವಗ ನೀನ ಹೇಳು" ಅಂದ. ಹೇಳುತ್ತೇನೆ ಅಂದೆ. ಆದರೆ ಅವ್ವ ನಾಲ್ಕು ದಿನಕ್ಕೆ ಹಡೆದಳು, ಬಾಣಂತಿಗೆ ಇದೆಲ್ಲ ಯಾಕೆಂದು ಬಿಟ್ಟೆ. ಬಾಣಂತನ ಮುಗಿದ ಮೇಲೆ ಇನ್ನೇನೋ ಒಂದು ನೆಪ ಸಿಕ್ಕಿತು. ನಮ್ಮ ಮನೆಯಲ್ಲಿ ಮುಂದೆ ಯಾವ ಪಂಚಮಿಗೂ ಮಕ್ಕಳನ್ನು ಜೋಕಾಲಿ ಏರಲು ಅವ್ವ ಬಿಡಲಿಲ್ಲ. ಜೋಕಾಲಿಯನ್ನು ಬೈಯುತ್ತಲೇ ತೀರಿಕೊಂಡಳು.

ಮಲ್ಲು ಉಳಿದ. ಬಾವು ಇಳಿಯಿತು, ವಾರದಲ್ಲಿ ರೊಟ್ಟಿ ತಿಂದ. ಆದರೆ ಒಂದು ವರ್ಷ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ. ರಾತ್ರಿ ಹಲ್ಲು ಒರೆಸಲು ನಾನು ಹೋದರೆ ಎದ್ದು ಅವ್ವನ ಕಡೆ ಹೋಗುತ್ತಿದ್ದ. ಮುಂದೆ ಆ ಜಾಗದಲ್ಲಿ ಬಂದ ಹಲ್ಲಿಗೆ ಕಂದು ಬಣ್ಣದ ಗೀಟು ಇತ್ತು. ಅವನು ಜೋರಾಗಿ ನಕ್ಕಾಗ ಅದು ನನಗೆ ಕಾಣುತ್ತದೆ. ಉಳಿದವರಿಗೆ ಕಾಣುತ್ತದೋ ಇಲ್ಲವೋ ಗೊತ್ತಿಲ್ಲ.

ಹೋದ ತಿಂಗಳು ನನ್ನ ಮೊಮ್ಮಗನ ಹಲ್ಲು ನೋವಾಯಿತು. ದವಾಖಾನೆಗೆ ಕರೆದುಕೊಂಡು ಹೊರಟಾಗ ಸೊಸೆ, "ಅತ್ತಿ, ಆಟಿಗಿ ಕೊಡಸಾಕ ಹೊಂಟೇವಿ ಅಂತ ಹೇಳ್ರಿ, ಇಲ್ಲಂದ್ರ ಬರೂದಿಲ್ಲ" ಅಂದಳು. ನಾನು ಹಾಗೆ ಹೇಳಲಿಲ್ಲ. ಹಲ್ಲು ತೋರಿಸಲು ಹೋಗುತ್ತಿದ್ದೇವೆ, ಸ್ವಲ್ಪ ನೋಯುತ್ತದೆ, ನಾನು ಪಕ್ಕದಲ್ಲೇ ಇರುತ್ತೇನೆ ಅಂದೆ. ಅವನು ದಾರಿಯುದ್ದಕ್ಕೂ ಅತ್ತ. ಆದರೆ ಅಲ್ಲಿ ಹೋದ ಮೇಲೆ ನನ್ನ ಬೆರಳು ಹಿಡಿದುಕೊಂಡು ಬಾಯಿ ತೆರೆದ.

ಆ ಸಂಜೆ ಮಲ್ಲು ಹುಡುಗನನ್ನು ನೋಡಲು ಬಂದ. ಈಗ ಅವನೂ ಅಜ್ಜನಾಗಿದ್ದಾನೆ. ಹುಡುಗ ಒಳಗೆ ಮಲಗಿದ್ದ, ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಇಷ್ಟು ವರ್ಷ ಕೇಳದ ಮಾತನ್ನು ಕೇಳಿಬಿಟ್ಟೆ. ಬೆಲ್ಲದ ಗಂಟಿನದನ್ನೂ ಮೊದಲ ಸಲ ಹೇಳಿದೆ. "ಮಲ್ಲು, ಆ ಪಂಚಮಿ ನಿನಗ ನೆನಪೈತೇನು? ಭಾಳ ನೋವಾಗಿತ್ತೇನೋ?"

ಅವನು ಚಹಾದ ಬಟ್ಟಲು ಕೆಳಗಿಟ್ಟ.

"ನೋವು ನೆನಪಿಲ್ಲಬೇ ಅಕ್ಕಾ. ನೀ ದಾರ ಕಟ್ಟಿದ್ದೂ ಅಷ್ಟು ನೆನಪಿಲ್ಲ, ಅಪ್ಪ ಹೇಳಿದ್ದು ಕೇಳಿ ಗೊತ್ತು. ದವಾಖಾನ್ಯಾಗ ನಾ ನಿನ್ನ ಒಂದು ಮಾತು ಕೇಳಿದ್ದೆ. ನೀ 'ಗೊತ್ತಿಲ್ಲ' ಅಂದಿ. ಅದು ಮಾತ್ರ ಚಂದಂಗ ನೆನಪೈತಿ."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಚಹಾ ಮುಗಿಸಿ, ಮೊಮ್ಮಗನ ಗಲ್ಲ ಹಿಡಿದು ಮಾತಾಡಿಸಿ ಹೋದ. ಅಂದಿನಿಂದ ನಾನು ಮನೆಯೊಳಗೆ ಒಂದು ಕಡೆ ಕೂತಿಲ್ಲ. ಎಳೆದ ದಾರಕ್ಕಾಗಿ ಐವತ್ತು ವರ್ಷ ಪಶ್ಚಾತ್ತಾಪ ಪಟ್ಟೆ. ಅವನು ಕಾಯುತ್ತಿದ್ದದ್ದು ಬೇರೆಯದಕ್ಕೆ. ಅದಕ್ಕೆ ಇದನ್ನು ಬರೆದೆ. ಮಲ್ಲು, ನನಗೆ ಗೊತ್ತಿತ್ತು.